ಮೃತರ ಟಿಕೆಟ್ ಮುಚ್ಚದಿರುವ ಬಗ್ಗೆ

ಸಂಖ್ಯೆ: ತಂವಿ/ಕಮಿಟ್/ಜೋಡಣೆ/417

ವಿಷಯ: ಕಮಿಟ್ ಸಂದೇಶಗಳಲ್ಲಿ ಸರಿಯಾದ ಟಿಕೆಟ್ ಸಂಖ್ಯೆ ನಮೂದಿಸುವ ಕುರಿತು.

ಉಲ್ಲೇಖ: ತಂತ್ರಾಂಶ ಪರೀಕ್ಷಕಿಯವರ (ಮೃತರ ಪತ್ನಿ, ಮುಂದೆ "ಅರ್ಜಿದಾರರು") ಮನವಿ.

ತಂತ್ರಾಂಶದಲ್ಲಿ ಮಾಡುವ ಪ್ರತಿ ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಟಿಪ್ಪಣಿಯಲ್ಲಿ (ಕಮಿಟ್ ಸಂದೇಶ), ಅದಕ್ಕೆ ಕಾರಣವಾದ ದೂರಿನ ದಾಖಲೆಯ (ಟಿಕೆಟ್) ಸಂಖ್ಯೆ ಇರತಕ್ಕದ್ದು. ಹೊಸ ಟಿಕೆಟ್ ತೆರೆಯಲು ಮುಖ್ಯಸ್ಥರ ಒಪ್ಪಿಗೆ ಬೇಕಾಗಿದ್ದು, ಮುಖ್ಯಸ್ಥರು ಸದಾ ಸಭೆಯಲ್ಲಿರುವುದರಿಂದ, ತೆರೆದೇ ಉಳಿದಿರುವ 417ನೇ ಟಿಕೆಟ್‌ಗೆ ನೌಕರರು ತಮ್ಮೆಲ್ಲ ಕೆಲಸವನ್ನೂ ಜೋಡಿಸುತ್ತಿರುವುದು ಗಮನಕ್ಕೆ ಬಂದಿದೆ. "ಲಾಗಿನ್ ಪುಟ ನಿಧಾನ" ಎಂಬ ಈ ಟಿಕೆಟ್‌ನ ಹೊಣೆಗಾರರು ಕಳೆದ ವರ್ಷ ನಿಧನರಾಗಿದ್ದಾರೆ. ಹಿರಿಯ ನೌಕರರೊಬ್ಬರು ಅರ್ಜಿದಾರರಿಗೆ, "ಅವನೇನು ಎದ್ದು ಬಂದು ಕೇಳ್ತಾನೇನಮ್ಮ, ಬಿಡು" ಎಂದಿರುವುದು ವಿಚಾರಣೆಯಲ್ಲಿ ದೃಢಪಟ್ಟಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಮಿಟ್ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ಇರುವುದು ಕಡ್ಡಾಯ. ಸಂಖ್ಯೆಗೂ ಕೆಲಸಕ್ಕೂ ಸಂಬಂಧವಿರುವುದು ಅಪೇಕ್ಷಣೀಯ.

2. "ಏನೋ ಸರಿ ಮಾಡಿದೆ", "ಈಗ ನೋಡಿ", "ಇನ್ನು ದೇವರೇ ಗತಿ" ಎಂಬ ಸಂದೇಶಗಳನ್ನು ನಿಷೇಧಿಸಿದೆ. "417: ಏನೋ ಸರಿ ಮಾಡಿದೆ" ಎಂಬುದನ್ನು ಸಮರ್ಪಕ ಸಂದೇಶವೆಂದು ಪರಿಗಣಿಸಲಾಗುವುದು.

3. ಕಳೆದ ವಾರ ಗ್ರಾಹಕರ ಖಾತೆಗಳೆಲ್ಲ ಅಳಿಸಿಹೋದದ್ದು 417ಕ್ಕೆ ಜೋಡಿಸಿದ ಕಮಿಟ್‌ನಿಂದ. ಮಾಡಿದವರು ಯಾರೆಂದು ಇಡೀ ಕಚೇರಿಗೆ ಗೊತ್ತಿದ್ದರೂ, ಟಿಕೆಟ್ ಯಾರದೋ ತಪ್ಪೂ ಅವರದೇ ಎಂಬ ನಿಯಮದಂತೆ ಮೃತರಿಗೆ ನೋಟಿಸ್ ಜಾರಿ ಮಾಡಲಾಗಿದೆ. ಅವರು ಹಾಜರಾಗದಿದ್ದುದನ್ನು ಉದ್ಧಟತನವೆಂದು ದಾಖಲಿಸಿಕೊಳ್ಳಲಾಗಿದೆ.

4. ಮೃತರು ಕೊನೆಯ ದಿನ ಕಚೇರಿ ಬಿಡುವ ಮೊದಲೇ ಆ ದೋಷವನ್ನು ಸರಿಪಡಿಸಿದ್ದರೆಂದೂ, ತಾವು ಪರೀಕ್ಷಿಸಿದ್ದು ಪುಟ ಥಟ್ಟನೆ ತೆರೆಯುತ್ತಿದೆಯೆಂದೂ, ಕಂಡವರ ತಪ್ಪೆಲ್ಲ ಅವರ ಹೆಸರಿಗೆ ಬೀಳದಂತೆ ಟಿಕೆಟ್ ಮುಚ್ಚಬೇಕೆಂದೂ ಅರ್ಜಿದಾರರು ಕೋರಿದ್ದಾರೆ. ಪರಿಶೀಲಿಸಲಾಗಿ, ಹೇಳಿದ್ದೆಲ್ಲ ನಿಜ. ಆದರೆ ಟಿಕೆಟ್ ಮುಚ್ಚುವ ಗುಂಡಿ ಹೊಣೆಗಾರರ ಪರದೆಯಲ್ಲಿ ಮಾತ್ರ ಕಾಣಿಸುತ್ತದೆ. ಮೇಲಾಗಿ, 417 ಮುಚ್ಚಿದರೆ ವಿಭಾಗದ ಕೆಲಸ ಅಂದೇ ನಿಂತುಹೋಗುತ್ತದೆ. ಮನವಿಯನ್ನು ತಿರಸ್ಕರಿಸಲಾಗಿದೆ.

5. ಮುಂದಿನ ಆದೇಶದವರೆಗೆ ಮೃತರನ್ನು ಕರ್ತವ್ಯನಿರತರೆಂದು ಭಾವಿಸತಕ್ಕದ್ದು. ವೇತನದ ವಿಷಯದಲ್ಲಿ ಮಾತ್ರ ಮೃತರೆಂದು ಭಾವಿಸತಕ್ಕದ್ದು. ಅವರ ಕುರ್ಚಿಯನ್ನು ಯಾರೂ ಎಳೆದೊಯ್ಯತಕ್ಕದ್ದಲ್ಲ. ಈಗಾಗಲೇ ಎಳೆದೊಯ್ದವರು ಅದರಲ್ಲಿ ಗೌರವಪೂರ್ವಕವಾಗಿ ಕುಳಿತುಕೊಳ್ಳುವುದು.

(ಸಹಿ ಇಲ್ಲ, ಸಭೆಯಲ್ಲಿದ್ದಾರೆ)
ವಿಭಾಗದ ಮುಖ್ಯಸ್ಥರು

ಪ್ರತಿಗಳು:
1. ಎಲ್ಲ ನೌಕರರಿಗೆ, ಪಾಲನೆಗಾಗಿ.
2. ಮೃತರಿಗೆ, ಲಿಖಿತ ವಿವರಣೆಗಾಗಿ.
3. ಅರ್ಜಿದಾರರಿಗೆ, ಕ್ರಮಸಂಖ್ಯೆ 2ರವರ ಪ್ರತಿಯನ್ನು ಮನೆಯಲ್ಲಿ ಅವರ ಕೈಗೇ ಕೊಟ್ಟು, ಸಹಿ ಪಡೆದು ತರಲು.