ಮಾವನ ಭಾನುವಾರದ ರನ್‌ವೇ

ನಮ್ಮ ಸೋದರಮಾವ ನಲವತ್ತು ವರ್ಷದಿಂದ ತಲೆಯೆತ್ತಿ ನಡೆದವರಲ್ಲ. ಏನೋ ತಪ್ಪು ಮಾಡಿದ ಮನುಷ್ಯ ಎಂದುಕೊಳ್ಳಬೇಡಿ, ಅವರು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದವರು! ಮೀನಂಬಾಕ್ಕದ ದೊಡ್ಡ ನಿಲ್ದಾಣವಲ್ಲ. ಮದ್ರಾಸಿನಾಚೆ, ಬಸ್ಸಿನ ಕೊನೆಯ ಸ್ಟಾಪಿನಿಂದಲೂ ಒಂದು ಮೈಲಿ ನಡೆಯಬೇಕಾದ, ಒಂದೇ ರನ್‌ವೇ, ಒಂದೇ ಶೆಡ್ಡಿನ ಪುಟ್ಟ ನಿಲ್ದಾಣ. ಸ್ವಂತ ವಿಮಾನವಿದ್ದವರು ಯಾರು ಬೇಕಾದರೂ ಇಳಿಯಬಹುದಿತ್ತು. ಸ್ವಂತ ವಿಮಾನ ಎಷ್ಟು ಜನಕ್ಕಿರುತ್ತದೆ, ಹೇಳಿ? ದಿನಾ ಬೆಳಿಗ್ಗೆ ರನ್‌ವೇ ಉದ್ದಕ್ಕೂ ನಡೆದು ಕಲ್ಲು, ಮೊಳೆ, ಗಾಜಿನ ಚೂರು ಹೆಕ್ಕುವುದು ಮಾವನ ಕೆಲಸ.

ರಿಟೈರಾದರೂ ಬಗ್ಗಿದ ಕತ್ತು ನೆಟ್ಟಗಾಗಲಿಲ್ಲ. ಅಣ್ಣಾ ನಗರದ ರಸ್ತೆಯಲ್ಲಿ ಅವರು ನೆಲ ನೋಡುತ್ತಾ ಹೊರಟರೆ, ‘ಎನ್ನ ಸಾರ್ ತೇಡ್ರೀಂಗ?’ ಎನ್ನುತ್ತಾ ದಾರಿಹೋಕರೂ ಜೊತೆಗೂಡಿ ಹುಡುಕತೊಡಗುತ್ತಿದ್ದರು. ಒಮ್ಮೆ ಐದು ಜನ ಕಾಲು ಗಂಟೆ ಹುಡುಕಿದ ಮೇಲೆ ಒಬ್ಬರಿಗೆ, ಕಳೆದದ್ದೇನು ಎಂದು ಕೇಳಬೇಕೆನಿಸಿತು. ಏನೂ ಕಳೆದಿಲ್ಲ ಎಂದರು ಮಾವ. ಐವರ ಮುಖ ನೋಡಲಾರದೆ ನಾನು ಎಳನೀರಿನ ಗಾಡಿಯ ಹಿಂದೆ ಸರಿದುಕೊಂಡೆ.

ಮಾವನ ಮಗಳನ್ನು ನೋಡಲು ಗಂಡಿನವರು ಎಗ್ಮೋರಿನಲ್ಲಿ ರೈಲಿಳಿದು ಬಂದ ದಿನವಂತೂ, ಅವರನ್ನು ಗೇಟಿನಾಚೆ ಬಿಸಿಲಲ್ಲಿ ನಿಲ್ಲಿಸಿ, ಮಾವ ಬಾಗಿಲವರೆಗೆ ಒಂದು ಸಲ ನೆಲ ನೋಡುತ್ತಾ ನಡೆದುಬಂದು, ‘ಈಗ ಬರಬಹುದು’ ಎಂದು ಕೈ ಬೀಸಿದರು.

‘ಅಪ್ಪಾ, ಪ್ಲೀಸ್, ಉಳ್ಳ ವಾಂಗ,’ ಎಂದು ಒಳಗೆ ಕರೆಯುತ್ತಾ ಮಗಳು ಕಿಟಕಿಯಿಂದ ಗೋಗರೆದಳು.

‘ಇವರ ಜೇಬಲ್ಲಿ ಸಿಕ್ಕಿರೋ ಮೊಳೇಲಿ ಒಂದು ಮಂಚ ಮಾಡಿಸಬಹುದಿತ್ತು,’ ಎಂದು ಅತ್ತೆ ಬೀಗಿತ್ತಿಗೆ ವಿವರಿಸಿದರು. ಆದರೂ ಸಂಬಂಧ ಅಂದೇ ಕುದುರಿತು. ಆ ಮನೆಯಲ್ಲೂ ಇಂಥದೊಂದು ಪ್ರಾಣಿ ಇದ್ದಿರಬೇಕು.

ನಿಲ್ದಾಣ ಮುಚ್ಚಿತೆಂದು ಕೇಳಿದಾಗ, ನಿಜ ಹೇಳುತ್ತೇನೆ, ನಾನು ಒಳಗೊಳಗೇ ಹಿಗ್ಗಿದೆ. ಇನ್ನಾದರೂ ಈ ಹುಡುಕಾಟಕ್ಕೊಂದು ಕೊನೆ ಎಂದುಕೊಂಡೆ. ಮಾವ ಒಪ್ಪಬೇಕಲ್ಲ?

‘ಮುಚ್ಚಿರೋದು ಕೆಳಗಿರೋವ್ರಿಗೆ ಗೊತ್ತು ಕಣೋ. ಮೇಲೆ ಇಂಜಿನ್ ಕೆಟ್ಟೋನು ರನ್‌ವೇ ಕಾಣ್ತು ಅಂತ ಇಳೀತಾನೆ. ಒಂದು ಕಲ್ಲು ಸಾಕು, ಅವನ ಪ್ರಾಣ ಹೋಗತ್ತೆ.’

ಹೀಗಾಗಿ ಆರು ದಿನ ಗಿಂಡಿಯ ಆಫೀಸಿನಲ್ಲಿ ದುಡಿದ ನನಗೆ ಏಳನೆಯ ದಿನ ಮಾವನ ಜೊತೆ ಎರಡು ಬಸ್ಸು, ಒಂದು ಮೈಲಿ, ಆಮೇಲೆ ರನ್‌ವೇ. ಹಳೇ ವಾಚ್‌ಮನ್ ಮಾವನನ್ನು ಕಂಡರೆ ಸುಮ್ಮನೆ ಗೇಟು ತೆಗೆಯುತ್ತಿದ್ದ. ಮಾವ ಮುಂದೆ, ಗೋಣಿಚೀಲ ಹಿಡಿದು ನಾನು ಹಿಂದೆ. ಎರಡು ವರ್ಷ! ಒಂದು ವಿಮಾನವೂ ಬರಲಿಲ್ಲ. ಹದ್ದೂ ಇಳಿಯಲಿಲ್ಲ.

ಕೊನೆಗೊಂದು ಭಾನುವಾರ ನನಗೆ ಸಾಕಾಗಿ ಹೋಯಿತು. ಸುಡುಬಿಸಿಲು. ಯಾರೋ ಕುಡಿದು ರನ್‌ವೇ ತುಂಬ ಬಾಟಲಿ ಒಡೆದಿದ್ದರು.

‘ಏನಾದ್ರೂ ಇದೆಯೇನೋ?’ ಎಂದರು ಮಾವ.

‘ಏನಿಲ್ಲ ಮಾವ, ಕ್ಲೀನಾಗಿದೆ.’

ಅವರ ಚಪ್ಪಲಿಯ ಪಕ್ಕದಲ್ಲೇ ಅಂಗೈಯಗಲದ ಗಾಜು ಬಿದ್ದಿತ್ತು. ಮಾವ ಅದರ ಕಡೆಗೇ ನೋಡಿ ತಲೆಯಾಡಿಸಿದರು.

‘ನೀನು ಹೇಳಿದ್ಮೇಲೆ ಆಯ್ತು ಬಿಡು. ನನಗೆ ಈಗ ಕಲ್ಲು ಯಾವ್ದು ನೆಲ ಯಾವ್ದು ಕಾಣಲ್ಲಪ್ಪ. ಅದಕ್ಕೇ ನಿನ್ನ ಎಳ್ಕೊಂಡು ಬರೋದು. ನಿಮ್ಮತ್ತೆಗೆ ಹೇಳ್ಬೇಡ, ಮನೆಯಿಂದ ಹೊರಗೇ ಬಿಡಲ್ಲ.’

ಇಷ್ಟು ನಂಬಿದ ಮನುಷ್ಯನಿಗೆ ಒಂದು ಬಸ್ಸು ಬೇಗ ಸಿಗಲೆಂದು ಸುಳ್ಳು ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು.

‘ಇಲ್ಲೇ ನಿಂತಿರಿ ಮಾವ, ಇನ್ನೊಂದ್ಸಲ ನೋಡ್ಬಿಡ್ತೀನಿ,’ ಎಂದು ಚೀಲ ಬಿಚ್ಚಿ, ಅವರ ಕಾಲ ಬಳಿಯ ಗಾಜಿನಿಂದಲೇ ಶುರುಮಾಡಿದೆ.