ಕಲ್ಲುಗಿಡ ಮತ್ತು ಉಳಿದ ನೀರು

ಕಟ್ಟುನಿಟ್ಟಿನ ಮನುಷ್ಯನ ಮರ್ಯಾದೆ ಕಳೆಯಲು ಶತ್ರುಗಳೇನೂ ಬೇಕಾಗಿಲ್ಲ. ಅವನೇ ಮಾಡಿದ ನಿಯಮ ಸಾಕು. ಹಾನಗಲ್ಲಿನ ನಮ್ಮ ಮನೆಯಲ್ಲಿ ಇದು ಮೇಲಿಂದ ಮೇಲೆ ನಡೆಯುತ್ತದೆ.

ಜೀವನವೆಲ್ಲ ಕಾಲುವೆಗೆ ನೀರು ಬಿಟ್ಟ ಎಂಜಿನಿಯರ್ ನಾನು. ನಿವೃತ್ತನಾದ ಮೇಲೆ ಸಾಕಿದ್ದು ನೀರೇ ಬೇಡದ ಗಿಡ. ಆಫ್ರಿಕದ ಮರುಭೂಮಿಯ ಲಿಥಾಪ್ಸ್. ನೋಡಲು ಸೀಳಿದ ಅಡಿಕೆಯಂತೆ, ಥೇಟ್ ಕಲ್ಲು. ಹೊಸ ಎಲೆ ಮೂಡುವಾಗ ಒಂದು ಗುಟುಕು ನೀರು ಬಿದ್ದರೂ ಕೊಳೆಯುತ್ತದೆ. ಬೆಳಗಿನ ಬಿಸಿಲು ಬೀಳುವುದು ಬಂದವರು ಕೂರುವ ಮುಂದಿನ ಕಟ್ಟೆಗೆ ಮಾತ್ರ, ಹಾಗಾಗಿ ಮೂರು ಗಿಡಗಳ ಕುಂಡ ಅಲ್ಲೇ.

ಅದೇ ಹೊತ್ತಿಗೆ ಮಗಳಿಗೆ ವರ ನೋಡುತ್ತಿದ್ದೆವು. "ಮನಿತನದ ಹೆಸರು ಕೇಳಿ ಬರ್ತಾರ. ಸ್ವಲ್ಪ ಬಾಯಿ ಬಿಗಿ ಹಿಡೀರಿ," ಎಂದಿದ್ದಳು ಹೆಂಡತಿ.

೧. ಕಾಕಾ

ನಮ್ಮಲ್ಲಿ ಬಂದವರಿಗೆ ಮೊದಲು ತಂಬಿಗೆ ನೀರು. ಕುಡಿದು ಉಳಿದದ್ದನ್ನು ಯಾರೂ ಚೆಲ್ಲುವುದಿಲ್ಲ, ಹತ್ತಿರದ ಗಿಡಕ್ಕೆ ಹಾಕುತ್ತಾರೆ. ಸವಣೂರಿನ ಕಾಕಾ ಬಂದವರು ಅದನ್ನೇ ಮಾಡಿದರು.

"ಸ್ಟಾಪ್!" ಎಂದು ಕಿರುಚಿದೆ. ಅವರಿಗೆ ಕುಡಿದದ್ದು ನೆತ್ತಿಗೇರಿತು.

"ಯಾಕೋ ತಮ್ಮಾ, ನಾ ಏನ್ ವಿಷಾ ಹಾಕಿದೆ?"

"ಕಾಕಾ, ಅದಕ್ಕ ನೀರ ವಿಷ!"

"ಕಾಲುವಿಗೆ ನೀರ್ ಬಿಟ್ಟಾವ ನೀನು. ಒಂದ್ ಗುಟುಕಿಗೆ ಹಿಂಗ ಚೀರ್ತೀಯಲ್ಲೋ!"

ಮೂರರಲ್ಲಿ ಒಂದು ಗಿಡ ಕೊಳೆಯಲು ವಾರ ಹಿಡಿಯಿತು. ಸುದ್ದಿ ಸವಣೂರು ಮುಟ್ಟಲು ಕಾಕಾ ಹತ್ತಿದ ಬಸ್ಸು ಹಿಡಿದಷ್ಟೇ ಹೊತ್ತು.

೨. ನನ್ನ ಪರಿಹಾರ

ತೊಂದರೆ ಇರುವುದು ಉಳಿದ ನೀರಿನಲ್ಲಿ. ಆದ್ದರಿಂದ ಉಳಿಯದಂತೆ ಕೊಡಬೇಕು. ಇನ್ನು ಮೇಲೆ ಬಂದವರಿಗೆ ಚಹಾದ ಕಪ್ಪಿನಲ್ಲಿ ಅರ್ಧ ನೀರು ಎಂದು ಅಪ್ಪಣೆ ಮಾಡಿದೆ. ಹೆಂಡತಿ ಹಣೆ ಬಡಿದುಕೊಂಡಳು.

ಮರುದಿನ ಶಿಗ್ಗಾವಿಯಿಂದ ಅವಳ ಅಕ್ಕ ಬಂದರು. ಕಪ್ಪನ್ನು ನೋಡಿ ಚಪ್ಪಲಿ ಬಿಟ್ಟರು, ಸೆರಗು ಸರಿ ಮಾಡಿಕೊಂಡರು, ನೀರನ್ನು ಅಂಗೈಗೆ ಸುರುವಿಕೊಂಡು ಕಣ್ಣಿಗೊತ್ತಿ ಕುಡಿದರು.

"ಯಾವ ದೇವರ ತೀರ್ಥರೀ ಇದು?"

ನನ್ನ ನಿಯಮದ್ದು ಎನ್ನುವ ಬದಲು ತಂಬಿಗೆ ತರಲು ಒಳಗೆ ಹೋದೆ.

೩. ಚಿಕ್ಕೇರೂರಿನವರು

ಹೆಣ್ಣು ನೋಡಲು ಚಿಕ್ಕೇರೂರಿನಿಂದ ವರನ ಕಡೆಯವರು ಬಂದರು. ಹೆಂಡತಿ ತಂಬಿಗೆ ತುಂಬ ನೀರು ತಂದಳು. ವರನ ದೊಡ್ಡಪ್ಪ ಚೀಲದಿಂದ ಬಾಟಲಿ ತೆಗೆದರು. ಅವರ ಹಿಂದೆ ಉಳಿದವರೂ ತೆಗೆದರು.

"ಇರ್ಲಿ ಬಿಡ್ರಿ ತಂಗೀ, ತಂದೇವಿ. ನಿಮ್ಮ ಮನ್ಯಾಗ ನೀರಿಂದು ಭಾಳ ಕಟ್ಟುನಿಟ್ಟು ಅಂತ ಸವಣೂರಾಗ ಹೇಳಿದ್ರು."

ಬಾಗಿಲ ಸಂದಿಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು.

"ನಮ್ಮ ನೀರ ಕುಡೀರಿ!" ಎಂದೆ. ವಿನಂತಿ ಮಾಡಬೇಕೆಂದಿದ್ದೆ, ಬಂದದ್ದು ಗದರಿಕೆ. ಎಲ್ಲರೂ ಗಾಬರಿಯಿಂದ ಕುಡಿದರು. ದೊಡ್ಡಪ್ಪ ಉಳಿದ ನೀರನ್ನು ಹಿಡಿದು ಅತ್ತಿತ್ತ ನೋಡಿದರು. ಕೈ ತಾನಾಗಿ ಕುಂಡದ ಮೇಲೆ ಹೋಗಿ ಅಲ್ಲೇ ನಿಂತಿತು.

"ಹಾಕ್ರಿ," ಎಂದೆ. "ಸಂಕೋಚ ಬ್ಯಾಡ್ರಿ."

ಅವರು ಹಾಕಿದರು. ಇದು ಈ ಮನೆಯ ಪದ್ಧತಿ ಇರಬೇಕೆಂದು ಉಳಿದವರೂ ಎದ್ದು, ಒಬ್ಬೊಬ್ಬರಾಗಿ ಸುರಿದು, ಕೈ ಮುಗಿದು ಕುಳಿತರು.

ಸಂಬಂಧ ಗಟ್ಟಿಯಾಯಿತು, ಉಳಿದ ಎರಡು ಗಿಡಗಳೂ ಸತ್ತವು. ಬೀಗರು ಫೋನ್ ಮಾಡಿದಾಗಲೆಲ್ಲ ಗಿಡದ ಕ್ಷೇಮ ಕೇಳುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ವರದಾ ಹೊಳೆಯ ದಂಡೆಗೆ ಹೋಗಿ, ಅದೇ ಬಣ್ಣದ ಎರಡು ಕಲ್ಲು ಆರಿಸಿ ತಂದು ಕುಂಡದಲ್ಲಿ ಹೂಳಿದೆ.

ನಿಶ್ಚಯದ ದಿನ ದೊಡ್ಡಪ್ಪ ಚಪ್ಪಲಿ ಬಿಟ್ಟವರೇ ಕುಂಡದ ಕಡೆ ನಡೆದರು. ಒಂದನ್ನು ಬೆರಳಿಂದ ಒತ್ತಿ ನೋಡಿ, ತಮ್ಮವರನ್ನೆಲ್ಲ ಕರೆದರು:

"ಬರ್ರಿ ಇಲ್ಲೆ! ನಾವು ನೀರ್ ಹಾಕಿದ ಮ್ಯಾಲೆ ಹೆಂಗ ಗಟ್ಟಿ ಆಗ್ಯಾವ ನೋಡ್ರಿ!"