ಒಂದೇ ತೊಟ್ಟಿಯಲ್ಲಿ ಎರಡು ಫೈಟರ್

ನನ್ನ ಕಿವಿಗೊಂದು ಕಾಯಿಲೆ ಇದೆ. ಯಾರಾದರೂ ಮಾತಾಡಿದರೆ ಅವರ ದನಿ ಒಳಗೆ ಹೋಗುತ್ತದೆ, ಮಾತಿನ ಅರ್ಥ ಹೊರಗೇ ಉಳಿಯುತ್ತದೆ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೂರು ಬಸ್ಸಿನ ಕಂಡಕ್ಟರ್ ಕೂಗುವುದನ್ನು ಹಾಗೆಯೇ ಕೂಗಬಲ್ಲೆ. ನನ್ನ ಕೂಗು ನಂಬಿ ಮೂರು ಜನ ಬಸ್ಸು ಹತ್ತಿದ್ದೂ ಉಂಟು. ಆದರೆ ಬಸ್ಸು ಹೊರಡುವ ಹೊತ್ತನ್ನು ಆತ ಹೇಳಿದ್ದು ತಲೆಗೆ ಹೋಗದೆ ನಾನೇ ಆ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಅದು ರೀಲು ಕ್ಯಾಮೆರಾದ ಕಾಲ. ಅಣ್ಣನದು ಫೋಟೊ ಸ್ಟುಡಿಯೊ. ಮುಂದೆ ಅಂಗಡಿ, ಹಿಂದೆ ಮನೆ. ಫೋಟೊಗಳಿಗೆ ಗಾಜು ಕೊಯ್ದು ಕಟ್ಟು ಹಾಕುವುದು ನನ್ನ ಕೆಲಸ. ಒಂದು ದಿನ ಅಣ್ಣ ರೀಲು ತರಲು ಒಳಗೆ ಹೋದಾಗ, ಕಾದು ಕುಳಿತಿದ್ದ ಹೊಸ ಜೋಡಿಯ ಮುಂದೆ ಅವನಂತೆಯೇ ಸೊಂಟದ ಮೇಲೆ ಕೈಯಿಟ್ಟು, “ನಗ್ರಿ… ಅಷ್ಟು ಬ್ಯಾಡ್ರಿ… ಗದ್ದ ಕೆಳಗ… ಉಸುರು ಹಿಡೀರಿ” ಎಂದು ಆಡಿ ತೋರಿಸಿದೆ. ಅಣ್ಣ ಬಂದು ನಿಜವಾಗಿಯೇ “ನಗ್ರಿ” ಎಂದಾಗ ಆ ಇಬ್ಬರಿಗೆ ನಗು ನಿಲ್ಲಿಸಲು ಆಗಲೇ ಇಲ್ಲ. ಫೋಟೊ ತೆಗೆಸದೆಯೇ ಎದ್ದು ಹೋದರು. ಅಂದಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಎದುರಿಗೇ ಕುಳಿತಿದ್ದರೂ ಅತ್ತಿಗೆಗೆ, “ಅವಂಗ ಉಣ್ಣಾಕ ಬಾ ಅನ್ನು” ಎನ್ನುತ್ತಿದ್ದ. ತಮಾಷೆ ಮಾಡುವವನಿಗೆ ಬೈಗುಳ ಸಹಿಸುವುದು ಸುಲಭ, ಮೌನ ಸಹಿಸುವುದು ಕಷ್ಟ. ಎಂಟು ದಿನ ಹೀಗೇ ಕಳೆಯಿತು.

ಒಂಬತ್ತನೇ ದಿನ ಕಟ್ಟಿನ ಪಟ್ಟಿ ತರಲು ದಾವಣಗೆರೆಗೆ ಹೋದವನು ಬಣ್ಣದ ಮೀನಿನಂಗಡಿಗೂ ನುಗ್ಗಿದೆ. ಫೋಟೊಗೆ ಬರುವ ಮಕ್ಕಳ ಅಳು ನಿಲ್ಲಿಸಲು ಅಣ್ಣ ಒಂದು ಗಾಜಿನ ತೊಟ್ಟಿ ಇಟ್ಟಿದ್ದ. ಅದು ಬಹಳ ದಿನದಿಂದ ಮೀನಿಲ್ಲದೆ ಬರೀ ನೀರು ತುಂಬಿಕೊಂಡು ಕುಳಿತಿತ್ತು. ಒಂದು ಕೆಂಪು, ಒಂದು ನೀಲಿ, ಎರಡು ಫೈಟರ್ ಮೀನು ಆರಿಸಿದೆ. ಒಂದೇ ಜಾತಿ, ಒಂದೇ ತೊಟ್ಟಿ, ಅಣ್ಣತಮ್ಮರ ಹಾಗೆ! ನೋಡಿದರೆ ಅಣ್ಣನ ಮನಸ್ಸು ಕರಗದೇ ಇದ್ದೀತೇ? ಅಂಗಡಿಯವರು ಒಂದು ಕಣ್ಣು ಮುಚ್ಚಿ, ಮೂಗಿನಿಂದ ಏನೋ ಹೇಳಿದರು. ಎಂಥ ದನಿ ಅಂತೀರಿ! ಅದನ್ನು ಹಿಡಿಯುವ ಗಡಿಬಿಡಿಯಲ್ಲಿ, “ಎಲ್ಲಾ ನಂಗೊತ್ತೈತಿ ಬಿಡ್ರಿ” ಎಂದು ನನ್ನ ಮಾಮೂಲಿ ಮಾತು ಎಸೆದುಬಿಟ್ಟೆ.

ಅಣ್ಣ ಮದುವೆ ಫೋಟೊಗೆಂದು ನಮ್ಮ ತಾಲ್ಲೂಕಿನದೇ ಆದ ಅರಸೀಕೆರೆಗೆ ಹೋಗಿದ್ದ. ಎರಡನ್ನೂ ತೊಟ್ಟಿಗೆ ಬಿಟ್ಟು, ಅತ್ತಿಗೆಯ ಮುಂದೆ ಒಂದು ಕಣ್ಣು ಮುಚ್ಚಿ, ಮೂಗಿನಿಂದ ಶುರುಮಾಡಿದೆ: “ಒಂದ್ ತೊಟ್ಟಿಗೆ ಒಂದ ಗಂಡು ಬಿಡ್ರಿ. ಎರಡು ಬಿಟ್ರ ಹರಕೊಂಡು ಸಾಯ್ತಾವ್ರಿ.”

ಅತ್ತಿಗೆ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ, “ಅಂದ್ರ ಎರಡು ಬಿಡಬಾರ್ದು ಅಂದಂಗಾತಲ್ಲೋ?” ಎಂದರು.

ತಿರುಗಿ ನೋಡಿದರೆ ನೀಲಿಯ ಬಾಲ ಹರಿದ ಬಾವುಟವಾಗಿತ್ತು. ರಾಜಿಗೆಂದು ತಂದ ಮೀನಿನಲ್ಲಿ ಒಂದು ಸತ್ತರೂ ಅಣ್ಣ ಇನ್ನು ಯಾವ ಜನ್ಮದಲ್ಲಿ ಮಾತಾಡಿಯಾನು? ಓಡಿಹೋಗಿ ಫೋಟೊ ಕಟ್ಟಿನ ಗಾಜು ಕೊಯ್ದು ತಂದು ನಡುವೆ ಇಳಿಸಿದೆ. ಗಾಜಿನಾಚೆ ವೈರಿ ಕಾಣುತ್ತಲೇ ಇದ್ದ. ಎರಡೂ ಗಾಜಿಗೇ ಡಿಕ್ಕಿ ಹೊಡೆದವು. ಗಿರಾಕಿಗಳು ಪೌಡರ್ ಹಚ್ಚಿಕೊಳ್ಳುವ ಕನ್ನಡಿ ಅಡ್ಡ ಇಟ್ಟೆ. ನೀಲಿ ತೆಪ್ಪಗಾಯಿತು. ಕನ್ನಡಿಯತ್ತ ಇದ್ದ ಕೆಂಪು ಮಾತ್ರ ತನ್ನನ್ನೇ ನೋಡಿ, ಕಿವಿರು ಉಬ್ಬಿಸಿ, ಇಮ್ಮಡಿ ಸಿಟ್ಟಿನಿಂದ ಮೇಲೆ ಬಿತ್ತು.

“ಎಷ್ಟು ಪೆದ್ದ ಮೀನು ನೋಡ್ರಿ ಅತ್ತಿಗಿ, ತನ್ನಂಗ ಆಡೋದು ಕಂಡ್ರ ಇಷ್ಟು ಸಿಟ್ಟು!” ಎಂದೆ.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡರು. ಇಲ್ಲದ ಕಾಲರ್ ಎತ್ತಿ, ಗದ್ದ ಮೇಲೆ ಮಾಡಿ, ಥೇಟ್ ನನ್ನ ದನಿಯಲ್ಲಿ, “ಎಲ್ಲಾ ನಂಗೊತ್ತೈತಿ ಬಿಡ್ರಿ!” ಎಂದರು. ನನ್ನ ಕಿವಿ ಬಿಸಿಯಾಯಿತು, ಕೆನ್ನೆ ಉಬ್ಬಿತು. “ನಾನೇನ್ ಹಂಗ ಮಾತಾಡ್ತೀನಾ?” ಎಂದು ಕಿರುಚಿದೆ.

ಬಾಗಿಲಲ್ಲಿ ಯಾರೋ ಗಹಗಹಿಸಿದರು. ಕ್ಯಾಮೆರಾ ಚೀಲ ಹೆಗಲಲ್ಲೇ ಇದ್ದ ಅಣ್ಣ! “ಲೇ ತಮ್ಮಾ, ನಿನಗಿಂತ ನಿಮ್ಮ ಅತ್ತಿಗಿ ಚಲೋ ಮಾಡ್ತಾಳಲ್ಲೋ!”

ಒಂಬತ್ತು ದಿನದ ಮೇಲೆ ನನಗೆಂದೇ ಬಂದ ಮಾತು. ಅಣ್ಣ ಕನ್ನಡಿ ತೆಗೆದ. ಫೋಟೊ ಕಾಗದ ಸುತ್ತಿ ಬರುವ ಕಪ್ಪು ಹಾಳೆಯನ್ನು ಎರಡು ಗಾಜಿನ ನಡುವೆ ಸೇರಿಸಿ, ಅಂಚಿಗೆ ಟೇಪು ಹಚ್ಚಿ ತೊಟ್ಟಿಯಲ್ಲಿ ಇಳಿಸಿದ. ಕೆಂಪೂ ತಣ್ಣಗಾಯಿತು. ನೀಲಿಯ ಬಾಲವೂ ದಿನ ಕಳೆದಂತೆ ಬೆಳೆಯಿತು. ಆ ಕಪ್ಪು ಹಾಳೆಗೂ, ಇಲ್ಲದ ಆ ಕಾಲರಿಗೂ ನಾನು ಇಂದಿಗೂ ಋಣಿ.

ಅಂದು ಕೆಲಸ ಮುಗಿಸಿ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಹೊತ್ತು ಬುದ್ಧಿ ಹೇಳಿದ. ಬಾಳಿಗೆ ಬೇಕಾದ ಮಾತುಗಳೇ ಇರಬೇಕು, ಅತ್ತಿಗೆ ಕಣ್ಣೊರೆಸಿಕೊಂಡರು. ಏನು ಹೇಳಿದ ಎಂದು ಮಾತ್ರ ಕೇಳಬೇಡಿ. “ತಮ್ಮಾ” ಎನ್ನುವಾಗ ಅವನ ದನಿ ಎಲ್ಲಿ ಒಡೆಯಿತು, ಎಲ್ಲಿ ಮೂಗು ಎಳೆದುಕೊಂಡ ಎಂದು ಕೇಳಿ. ಈಗಲೇ ಆಡಿ ತೋರಿಸುತ್ತೇನೆ.